ಬೇಸ್‌ಮೆಂಟ್ ಗುಂಡಿಗೆ ನೀರು ಬಂದಿದೆ, ಪಂಪ್ ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ, ಒಂದು ಕೆರೆಯಿಂದ ಸ್ವಲ್ಪ ದೂರದಲ್ಲಿ ನಮ್ಮ 40×60 ಸೈಟಿದೆ. ಎರಡು ಕಾರು ನಿಲ್ಲಿಸೋಕೆ, ಜೊತೆಗೆ ಒಂದು ಹೋಮ್ ಥಿಯೇಟರ್‌ಗೆ ಅಂತ ಬೇಸ್‌ಮೆಂಟ್ ತೆಗೆಸುತ್ತಿದ್ದೇವೆ. ಗುಂಡಿ 30×45 ಅಡಿ. 5 ಅಡಿಗೇ ನೀರು ಒಸರಲು ಶುರುವಾಯಿತು. ಈಗ 10 ಅಡಿ ಆಳ ಆಗಿದೆ. 12 ದಿನದಿಂದ ಎರಡು ಪಂಪ್ ಹಗಲು ರಾತ್ರಿ ಓಡುತ್ತಿವೆ. ಒಂದು ಗಂಟೆ ನಿಲ್ಲಿಸಿದರೆ ಗುಂಡಿಯಲ್ಲಿ ಎರಡು ಇಂಚು ನೀರು ಏರುತ್ತದೆ. ಪಕ್ಕದ ಮನೆಯವರ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿದೆ, ಅವರಿಗೆ ಸಿಟ್ಟು ಬಂದಿದೆ. ಕಂಟ್ರಾಕ್ಟರ್ ಮಾತ್ರ "ರಾಫ್ಟ್ ಹಾಕಿದ ಮೇಲೆ ಪಂಪ್ ತೆಗೆದುಬಿಡೋಣ, ಆಮೇಲೆ ಏನೂ ಆಗಲ್ಲ" ಅನ್ನುತ್ತಾರೆ. ನಂಬಬಹುದಾ ಸರ್? ನೀರನ್ನು ಸರಿಯಾಗಿ ಇಳಿಸೋದು ಹೇಗೆ?

ಉತ್ತರ: ಕಂಟ್ರಾಕ್ಟರ್ ಮಾತು ನಂಬಬೇಡಿ. ರಾಫ್ಟ್ (ಗುಂಡಿಯ ಇಡೀ ತಳಕ್ಕೆ ಹಾಸುವ ಕಾಂಕ್ರೀಟ್ ಪಾಯ) ಹಾಕಿದ ತಕ್ಷಣ ಪಂಪ್ ತೆಗೆಯುವುದೇ ಈ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಯಾಕೆ ಅನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ ಒಂದು ಕೆಲಸ ಇದೆ.

ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಪಂಪ್ ಪೈಪಿನ ಬಾಯಿಂದ ಬೀಳುವ ನೀರನ್ನು ತುಂಬಿ, ಅಲುಗಾಡದ ಜಾಗದಲ್ಲಿ ಒಂದು ಗಂಟೆ ಇಡಿ. ತಳದಲ್ಲಿ ಏನೂ ಕೂರದಿದ್ದರೆ ನಿಮ್ಮ ಪಂಪ್ ನೀರನ್ನು ಮಾತ್ರ ಎತ್ತುತ್ತಿದೆ. ಅರ್ಧ ಬೆರಳಷ್ಟು ಸಣ್ಣ ಮರಳು, ಗೋಡು ಕೂತರೆ ಅದು ಮಣ್ಣನ್ನೂ ಎತ್ತುತ್ತಿದೆ. ಆ ಮಣ್ಣು ನಿಮ್ಮ ಗುಂಡಿಯದ್ದಷ್ಟೇ ಅಲ್ಲ, ಪಕ್ಕದವರ ಗೋಡೆಯ ಕೆಳಗಿನದ್ದೂ ಇರಬಹುದು. ನೀರು ಒಸರುವಾಗ ಸಣ್ಣ ಕಣಗಳನ್ನು ಎಳೆದು ತರುತ್ತದೆ. ದಿನ ಕಳೆದಂತೆ ಅಲ್ಲಿ ಪೊಳ್ಳು ಬೀಳುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಬಿರುಕು ಬಂದಿರುತ್ತದೆ. ಅಂತರ್ಜಲ ಇಳಿಸುವ ಕೆಲಸಕ್ಕೆ ನೂರು ನಿಯಮ ಇರಬಹುದು, ನಾನು ಸೈಟಿನಲ್ಲಿ ಹುಡುಗರಿಗೆ ಹೇಳಿಕೊಡುವುದು ಒಂದನ್ನೇ: ನೀರು ತೆಗಿರಿ, ಮಣ್ಣು ತೆಗೀಬೇಡಿ.

ಬಾಟಲಿಯಲ್ಲಿ ಮಣ್ಣು ಕಂಡರೆ ಅಗೆಯುವುದನ್ನು ನಿಲ್ಲಿಸಿ. ಒಂದು ಪಂಪ್ ಆಫ್ ಮಾಡಿ, ಗುಂಡಿಯಲ್ಲಿ ಎರಡು ಮೂರು ಅಡಿ ನೀರು ಏರಲು ಬಿಡಿ. ಹೆದರಬೇಡಿ, ಒಳಗೆ ನಿಂತ ನೀರು ಆ ಹೊತ್ತಿಗೆ ನಿಮ್ಮ ಗೆಳೆಯ. ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಇರುವ ಅಂತರ ಕಡಿಮೆಯಾದಷ್ಟೂ ಮಣ್ಣು ಕೊಚ್ಚಿ ಬರುವುದು ಕಡಿಮೆಯಾಗುತ್ತದೆ. ಆಮೇಲೆ ಪಕ್ಕದ ಮನೆಯ ಕಡೆಯ ಬದಿಗೆ ಮರಳು ಚೀಲಗಳನ್ನು ಮೆಟ್ಟಿಲಿನ ಹಾಗೆ ಪೇರಿಸಿ. ಊಟೆ ಜೋರಾಗಿರುವ ಜಾಗಕ್ಕೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಸುರಿಯಿರಿ. ಈ ಕ್ರಮ ತಪ್ಪಿಸಬೇಡಿ. ನೀರಿಗೆ ದಾರಿ ಸಿಗಬೇಕು, ಮಣ್ಣು ಮಾತ್ರ ಅಲ್ಲೇ ನಿಲ್ಲಬೇಕು. ಸಿಮೆಂಟು ಗಾರೆ ಹಾಕಿ ಊಟೆಯ ಬಾಯಿ ಮುಚ್ಚಲು ಹೋಗುತ್ತಾರೆ. ಅದು ಸುಮ್ನೆ, ನೀರು ಇನ್ನೊಂದು ಕಡೆ ಬಾಯಿ ತೆಗೆಯುತ್ತದೆ.

ಇದರ ಜೊತೆಗೇ ಪಕ್ಕದ ಮನೆಯವರ ಹತ್ತಿರ ನೀವೇ ಹೋಗಿ, ಕಂಟ್ರಾಕ್ಟರ್‌ನ ಕಳಿಸಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ವಾದಕ್ಕೆ ಜಾಗವೇ ಇರುವುದಿಲ್ಲ. ಅವರ ಮನೆಯೊಳಗಿನ ಗೋಡೆಗಳ ಫೋಟೋಗಳನ್ನೂ ಅವರ ಎದುರಿಗೇ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಇದನ್ನು ಅಗೆಯುವ ಮುಂಚೆಯೇ ಮಾಡಬೇಕಿತ್ತು. ಒಬ್ಬರ ಜಮೀನಿಗೆ ಪಕ್ಕದ ಜಮೀನು ಸಹಜವಾಗಿ ಕೊಡುವ ಆಸರೆ ಒಂದು ಹಕ್ಕು ಅಂತ 1882ರ ಈಸ್‌ಮೆಂಟ್ಸ್ ಕಾಯ್ದೆಯೇ ಹೇಳುತ್ತದೆ. ಅವರ ಸಿಟ್ಟಿಗೆ ಕಾರಣ ಇದೆ ಅಲ್ವಾ?

ಇನ್ನು, ಈ ನೀರು ಎಲ್ಲಿಂದ ಬರುತ್ತಿದೆ ಅಂತ ಯಾರಾದರೂ ನೋಡಿದ್ದಾರಾ? ಬೆಂಗಳೂರಿನಲ್ಲಿ ಗುಂಡಿಗೆ ಬರುವ ನೀರೆಲ್ಲ ಅಂತರ್ಜಲ ಅಲ್ಲ. ಒಡೆದ ಕಾವೇರಿ ಪೈಪು, ಸೋರುವ ಯುಜಿಡಿ (ಒಳಚರಂಡಿ) ಲೈನು, ಪಕ್ಕದವರ ಬಿರುಕು ಬಿಟ್ಟ ಸಂಪು, ಇವೆಲ್ಲ "ಊಟೆ"ಯ ವೇಷದಲ್ಲಿ ಬರುತ್ತವೆ. ನಿಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದರೆ, ನೀರು ಬಿಡುವ ದಿನ ಗುಂಡಿಯ ಒಸರು ಜಾಸ್ತಿಯಾಗುತ್ತದಾ ನೋಡಿ. ಗುಂಡಿಯ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಅನ್ನು ನಲ್ಲಿ ನೀರಿನ ಟಿಡಿಎಸ್ ಜೊತೆ ಹೋಲಿಸಿ. ಒಂದೇ ಮೂಲೆಯಿಂದ ಬರುತ್ತಿದ್ದರೆ, ವಾಸನೆ ಇದ್ದರೆ, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಪೈಪಿನ ಸೋರಿಕೆ ಆಗಿದ್ದರೆ ರಿಪೇರಿಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಆದರೆ ನೀವು ಹೇಳುವ ಜಾಗ ನೋಡಿದರೆ ನಿಜವಾದ ಅಂತರ್ಜಲವೇ ಇರುವ ಸಾಧ್ಯತೆ ಹೆಚ್ಚು. "ನಮ್ಮ ಬೀದಿಯಲ್ಲಿ 1,000 ಅಡಿ ಬೋರ್ ಬತ್ತಿದೆ, 5 ಅಡಿಗೆ ನೀರು ಹೇಗೆ?" ಅಂತ ಬಹಳ ಜನ ಕೇಳುತ್ತಾರೆ. ಎರಡೂ ಬೇರೆ ಬೇರೆ ನೀರು. ಬೆಂಗಳೂರಿನ ಕೆಳಗಿರುವುದು ಗಟ್ಟಿ ನೈಸ್ ಮತ್ತು ಗ್ರಾನೈಟ್ ಬಂಡೆ. ಬೋರ್‌ವೆಲ್ ಹುಡುಕುವುದು ಆ ಬಂಡೆಯ ಬಿರುಕುಗಳಲ್ಲಿರುವ ನೀರನ್ನು. ಬಂಡೆಯ ಮೇಲೆ ಕೊಳೆತ ಕಲ್ಲು, ಮೊರಂ (ಗರಸು ಮಣ್ಣು), ಕೆಂಪು ಮಣ್ಣಿನ ಪದರ ಇದೆ. ತಗ್ಗಿನಲ್ಲಿ, ಕೆರೆಯ ಹತ್ತಿರ, ಅದರ ಮೇಲೆ ಹೂಳು ಮತ್ತು ಜೇಡಿಯೂ ಇರುತ್ತದೆ. ಮಳೆ ನೀರು, ಕೆರೆ ನೀರು ಈ ಪದರದಲ್ಲಿ ಸ್ಪಂಜಿನೊಳಗೆ ನಿಂತ ಹಾಗೆ ನಿಂತಿರುತ್ತದೆ. ಹಳೆಯ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದುದು ಇದೇ. ಬಾವಿ ತೋಡುವ ಮಣ್ಣು ಒಡ್ಡರ ಮನೆತನಗಳು ನಿಮ್ಮ ಸರ್ಜಾಪುರ ಕಡೆಯೇ ಇವೆ. ಅವರಲ್ಲಿ ಹಿರಿಯರನ್ನು ಒಮ್ಮೆ ಸೈಟಿಗೆ ಕರೆದುಕೊಂಡು ಬನ್ನಿ. ಮಳೆಗಾಲದಲ್ಲಿ ನೀರು ಎಷ್ಟು ಅಡಿಗೆ ಏರುತ್ತದೆ ಅಂತ ಅವರು ಮಣ್ಣಿನ ಬಣ್ಣ ನೋಡಿಯೇ ಹೇಳುವುದನ್ನು ನಾನು ಕಂಡಿದ್ದೇನೆ. ಅವರು ಹೇಳಿದ್ದನ್ನೂ ಮಣ್ಣು ಪರೀಕ್ಷೆಯ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಈಗ ನೀರು ಇಳಿಸುವ ವಿಷಯ. ನೀವು ಕೊಟ್ಟ ಅಳತೆಯೇ ಒಳ್ಳೆಯ ಪರೀಕ್ಷೆ. 30×45 ಅಡಿ ಗುಂಡಿಯಲ್ಲಿ ಗಂಟೆಗೆ ಎರಡು ಇಂಚು ಅಂದರೆ 225 ಘನ ಅಡಿ, ಅಂದರೆ ಸುಮಾರು 6,400 ಲೀಟರ್. ಗಂಟೆಗೆ ಒಂದು ಟ್ಯಾಂಕರ್‌ಗಿಂತ ತುಸು ಹೆಚ್ಚು. ಇದು ದೊಡ್ಡ ಪ್ರಮಾಣ ಅಲ್ಲ, ಸಣ್ಣ ಪಂಪುಗಳೇ ಸಾಕು. ನಿಮ್ಮ ತೊಂದರೆ ನೀರು ಎಷ್ಟು ಅನ್ನುವುದರಲ್ಲಿಲ್ಲ. ಅದನ್ನು ಎಲ್ಲಿಂದ ಎತ್ತುತ್ತಿದ್ದೀರಿ ಅನ್ನುವುದರಲ್ಲಿದೆ.

ಗುಂಡಿಯ ಒಳಗೆ ಪಂಪ್ ಇಟ್ಟು ಎತ್ತುವಾಗ ನೀರು ಬದಿಯ ಮಣ್ಣಿನಿಂದ, ತಳದಿಂದ ಗುಂಡಿಯೊಳಕ್ಕೇ ಹರಿಯುತ್ತದೆ. ತಳದಲ್ಲಿ ಸಣ್ಣ ಮರಳು ಇದ್ದರೆ ಕೆಳಗಿನಿಂದ ಮೇಲೆ ನುಗ್ಗುವ ನೀರು ಆ ಮರಳನ್ನು ಕುದಿಯುವ ಗಂಜಿಯ ಹಾಗೆ ಮಾಡಿಬಿಡುತ್ತದೆ. ಕಾಲಿಟ್ಟರೆ ಹೂತುಹೋಗುತ್ತದೆ. ಅಂಥ ತಳದ ಮೇಲೆ ಪಾಯ ಕೂರಿಸಬಾರದು. ಗಟ್ಟಿ ಮೊರಂ ಇದ್ದರೆ ಈ ವಿಧಾನ ನಡೆಯುತ್ತದೆ, ಆದರೆ ಅಚ್ಚುಕಟ್ಟಾಗಿ ಮಾಡಬೇಕು. ಸುತ್ತಲೂ ಒಂದು ಅಡಿ ಚರಂಡಿ ತೆಗೆದು ಜಲ್ಲಿ ತುಂಬಬೇಕು. ಮೂಲೆಯಲ್ಲಿ ತಳಕ್ಕಿಂತ ಮೂರು ಅಡಿ ಆಳದ ಗುಣಿ ತೋಡಿ, ಅದರಲ್ಲಿ ತೂತು ಕೊರೆದ ಡ್ರಮ್ಮು ಇಳಿಸಿ, ಡ್ರಮ್ಮಿಗೆ ಮೆಶ್ ಸುತ್ತಿ, ಹೊರಗೆ ಸಣ್ಣ ಜಲ್ಲಿ ತುಂಬಿ, ಪಂಪನ್ನು ಡ್ರಮ್ಮಿನ ಒಳಗೆ ಇಡಬೇಕು. ಕೆಸರಿನಲ್ಲಿ ನೇರವಾಗಿ ಮಡ್ ಪಂಪ್ ಬಿಟ್ಟು ಓಡಿಸುವುದು ತಪ್ಪು. ನಿಮ್ಮ ಸೈಟಿನಲ್ಲಿ ಆಗುತ್ತಿರುವುದು ಇದೇ ಅಂತ ನನ್ನ ಅಂದಾಜು.

ನಿಮಗೆ ನಾನು ಹೇಳುವ ವಿಧಾನ ಗುಂಡಿಯ ಹೊರಗಿನಿಂದ ಎತ್ತುವುದು. ಗುಂಡಿಯ ಅಂಚಿಗೂ ಕಾಂಪೌಂಡಿಗೂ ನಡುವಿನ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು, ಬೇಕಿದ್ದರೆ ಉದ್ದದ ಬದಿಗಳ ನಡುವೆ ಇನ್ನೆರಡು ಸಣ್ಣ ಬಾವಿ ಕೊರೆಸಿ. 25ರಿಂದ 30 ಅಡಿ ಆಳ ಸಾಕು. ಒಳಗೆ ಸೀಳು ಬಿಟ್ಟ ಪಿವಿಸಿ ಪೈಪು, ಅದಕ್ಕೆ ನೈಲಾನ್ ಮೆಶ್, ಸುತ್ತ ತೊಳೆದ ಸಣ್ಣ ಜಲ್ಲಿ. ಒಂದೊಂದಕ್ಕೂ ಸಣ್ಣ ಸಬ್‌ಮರ್ಸಿಬಲ್ ಪಂಪ್. ಮೊದಲ ದಿನ ಕೆಂಪು ನೀರು ಬರುತ್ತದೆ, ಆಮೇಲೆ ತಿಳಿಯಾಗಬೇಕು. ತಿಳಿಯಾಗದ ಬಾವಿಯನ್ನು ಮುಚ್ಚಿ ಬೇರೆ ಕೊರೆಸಿ, ಅದರಲ್ಲಿ ರಾಜಿ ಬೇಡ. ಗುಂಡಿಯ ನಡುವೆ ಒಂದು ತೂತಿನ ಪೈಪು ನೆಟ್ಟು, ಟೇಪಿಗೆ ತೂಕ ಕಟ್ಟಿ, ಬೆಳಿಗ್ಗೆ ಸಂಜೆ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಿರಿ. ಮಟ್ಟ ಗುಂಡಿಯ ತಳಕ್ಕಿಂತ ಎರಡು ಅಡಿ ಕೆಳಗೆ ಹೋಗಿ ನಿಂತ ಮೇಲೆ ಕೆಲಸ ಶುರು ಮಾಡಿ. ಅದಕ್ಕಿಂತ ತುಂಬಾ ಕೆಳಗೂ ಇಳಿಸಬೇಡಿ. ಒಂದು ಮೀಟರ್ ನೀರು ಇಳಿಸಿದರೆ ಆ ಮಟ್ಟದ ಕೆಳಗಿನ ಮಣ್ಣಿನ ಮೇಲೆ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ ಹೆಚ್ಚಿದ ಹಾಗೆ. ಮೊರಂ ಅದನ್ನು ತಡೆದುಕೊಳ್ಳುತ್ತದೆ. ಕೆರೆಯ ಹೂಳು, ಜೇಡಿ ಕುಗ್ಗುತ್ತದೆ, ಅದರ ಮೇಲಿನ ಪಕ್ಕದವರ ಮನೆಯೂ ಕೂರುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಇದನ್ನು ಊಹಿಸಲು ಆಗುವುದಿಲ್ಲ.

ವೆಲ್‌ಪಾಯಿಂಟ್ ಅಂತ ಇನ್ನೊಂದು ವಿಧಾನವನ್ನು ಯಾರಾದರೂ ಹೇಳಬಹುದು. ಸಾಲಾಗಿ ಸಣ್ಣ ಪೈಪು ಚುಚ್ಚಿ, ಎಲ್ಲವನ್ನೂ ಒಂದು ದೊಡ್ಡ ಪೈಪಿಗೆ ಜೋಡಿಸಿ, ಮೇಲಿನಿಂದ ಹೀರುವ ವ್ಯವಸ್ಥೆ ಅದು. ಕರಾವಳಿಯ ಮರಳಿಗೆ ಬಹಳ ಚೆನ್ನ. ಆದರೆ ಹೀರುವುದಕ್ಕೆ ಮಿತಿ ಇದೆ. ಸಮುದ್ರಮಟ್ಟದಲ್ಲಿ ಲೆಕ್ಕದ ಮಿತಿ 10.3 ಮೀಟರ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ 9.3ರ ಆಸುಪಾಸು, ಕೆಲಸದಲ್ಲಿ ಸಿಗುವುದು 5 ಮೀಟರ್‌ನಷ್ಟು. ಕೊಳೆತ ಕಲ್ಲಿನಲ್ಲಿ ಪೈಪು ಚುಚ್ಚುವುದೂ ಕಷ್ಟ, ಜೇಡಿಯಲ್ಲಿ ನೀರು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ನಿಮಗೆ ಬೇಡ. ನಿಮ್ಮ ಎಂಜಿನಿಯರ್‌ಗೆ ಬರಹದಲ್ಲಿ ಆಧಾರ ಬೇಕಿದ್ದರೆ ಭಾರತೀಯ ಮಾನಕಗಳಲ್ಲಿ ನೀರು ಇಳಿಸುವುದಕ್ಕೆ ಐಎಸ್ 9759, ಅಗೆಯುವಾಗಿನ ಸುರಕ್ಷತೆಗೆ ಐಎಸ್ 3764 ಇವೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನೀವು ಇಳಿಸಿದ ನೀರು ವಾಪಸ್ ಬರುತ್ತದೆ. ಪಂಪ್ ನಿಂತ ದಿನದಿಂದಲೇ ಅದು ಏರತೊಡಗುತ್ತದೆ. ಆಗ ಬೇಸ್‌ಮೆಂಟ್ ಅಂದರೆ ನೀರಿನಲ್ಲಿ ಇಟ್ಟ ಖಾಲಿ ಕೊಳಗ. ಕೈಯಿಂದ ಒತ್ತಿ ಹಿಡಿಯದಿದ್ದರೆ ಕೊಳಗ ಮೇಲೆ ಬರುತ್ತದೆ.

ಲೆಕ್ಕ ಮಾಡೋಣ. ರಾಫ್ಟಿನ ತಳ 10 ಅಡಿಯಲ್ಲಿ, ನೀರಿನ ಸಹಜ ಮಟ್ಟ 5 ಅಡಿಯಲ್ಲಿ. ಅಂದರೆ ರಾಫ್ಟಿನ ಕೆಳಗೆ 5 ಅಡಿ, ಸುಮಾರು 1.5 ಮೀಟರ್ ನೀರಿನ ಒತ್ತಡ. ಪ್ರತಿ ಚದರ ಮೀಟರಿಗೆ ಒಂದೂವರೆ ಟನ್. ನಿಮ್ಮ ಗುಂಡಿ 125 ಚದರ ಮೀಟರ್. ಒಟ್ಟು ಮೇಲಕ್ಕೆ ತಳ್ಳುವ ಬಲ ಸುಮಾರು 190 ಟನ್. 8 ಇಂಚಿನ ರಾಫ್ಟ್ ತೂಗುವುದು 63 ಟನ್ ಮಾತ್ರ. ಸುತ್ತಲಿನ 8 ಇಂಚಿನ ಕಾಂಕ್ರೀಟ್ ಗೋಡೆ ಪೂರ್ತಿ ಎದ್ದರೆ ಇನ್ನೊಂದು 68 ಟನ್. ಮೇಲೆ 6 ಇಂಚಿನ ಸ್ಲ್ಯಾಬ್ ಬಿದ್ದರೆ 47. ಎಲ್ಲ ಸೇರಿ 178. ಅಂದರೆ ನೆಲಮಹಡಿಯ ಸ್ಲ್ಯಾಬ್ ಹಾಕಿದ ಮೇಲೂ ತೂಕ ಸಾಲದು! ಕನಿಷ್ಠ 1.2 ಪಟ್ಟು ತೂಕ ಇರಬೇಕು ಅಂತ ಎಂಜಿನಿಯರುಗಳು ಲೆಕ್ಕ ಇಡುತ್ತೇವೆ, ಅಂದರೆ 230 ಟನ್ ಹತ್ತಿರ. ಒಂದನೇ ಮಹಡಿಯ ಸ್ಲ್ಯಾಬ್, ಅದರ ಕಾಲಂ, ಬೀಮು, ಗೋಡೆ ಬಂದ ಮೇಲಷ್ಟೇ ಅಷ್ಟಾಗುತ್ತದೆ. ಅಲ್ಲಿಯವರೆಗೂ ಪಂಪ್ ಓಡಬೇಕು.

ಇದೂ ಈಗಿನ ಮಟ್ಟದ ಲೆಕ್ಕ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ನೀರು 2 ಅಡಿಗೆ ಏರಿದರೆ ತಳ್ಳುವ ಬಲ 305 ಟನ್ ಆಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಮನೆಗಳ ಒಳಕ್ಕೇ ನೀರು ನುಗ್ಗಿದ್ದು ನಿಮಗೆ ನೆನಪಿರುತ್ತದೆ. ಆ ಕೆಟ್ಟ ದಿನಕ್ಕೆ ಲೆಕ್ಕ ಹಾಕಬೇಕು, ಇವತ್ತಿನ ಒಣ ದಿನಕ್ಕಲ್ಲ.

ಇಡೀ ಮನೆ ತೇಲದಿದ್ದರೂ ರಾಫ್ಟ್ ನಡುವೆ ಉಬ್ಬಿ ಬಿರುಕು ಬಿಡಬಹುದು. ರಾಫ್ಟನ್ನು ತಲೆಕೆಳಗಾದ ತಾರಸಿ ಅಂದುಕೊಳ್ಳಿ. ಮನೆಯ ಮಹಡಿಯ ಸ್ಲ್ಯಾಬಿನ ಮೇಲೆ ಜನ, ಸಾಮಾನಿನ ಭಾರ ಅಂತ ಚದರ ಮೀಟರಿಗೆ 200 ಕಿಲೋ ಹಿಡಿಯುತ್ತೇವೆ. ಮಳೆಗಾಲದ ನೀರು ರಾಫ್ಟಿನ ಸ್ವಂತ ತೂಕ ಕಳೆದ ಮೇಲೂ 1,900 ಕಿಲೋದಷ್ಟು ಮೇಲಕ್ಕೆ ಒತ್ತುತ್ತದೆ. ಒಂಬತ್ತು ಪಟ್ಟಿಗಿಂತ ಜಾಸ್ತಿ. ಮೇಲ್ಭಾಗದಲ್ಲೂ ಸಾಕಷ್ಟು ಕಬ್ಬಿಣ ಇದೆಯಾ ಅಂತ ನಕ್ಷೆಯಲ್ಲಿ ನೋಡಿ. ನೀರಿನ ಒತ್ತಡ ಎಷ್ಟು ಹಿಡಿದಿದ್ದೀರಿ ಅಂತ ಸ್ಟ್ರಕ್ಚರಲ್ ಎಂಜಿನಿಯರ್‌ನ ನೇರವಾಗಿ ಕೇಳಿ. ಉತ್ತರ ಸಂಖ್ಯೆಯಲ್ಲಿ ಬರಬೇಕು.

ಕೆಲವು ವರ್ಷದ ಹಿಂದೆ ಕೆರೆಯಂಚಿನ ಒಂದು ಬಡಾವಣೆಗೆ ನನ್ನನ್ನು ಕರೆದಿದ್ದರು. ನೆಲದೊಳಗಿನ ದೊಡ್ಡ ಸಂಪನ್ನು ಮಳೆಗಾಲದಲ್ಲಿ ತೊಳೆಯಲು ಖಾಲಿ ಮಾಡಿದ್ದರು. ಬೆಳಿಗ್ಗೆ ನೋಡಿದರೆ ಸಂಪು ನಾಲ್ಕು ಇಂಚು ಮೇಲೆದ್ದಿತ್ತು, ಪೈಪುಗಳೆಲ್ಲ ಕಿತ್ತುಹೋಗಿದ್ದವು. ಮನೆಯ ಯಜಮಾನರು ಅದರ ಸುತ್ತ ಮೂರು ಸಲ ನಡೆದರು, ಒಂದು ಮಾತೂ ಆಡಲಿಲ್ಲ. ಆ ಮುಖ ನನಗೆ ಇನ್ನೂ ಮರೆತಿಲ್ಲ. ಅದನ್ನು ಮತ್ತೆ ಕೆಳಗೆ ಕೂರಿಸಲು ಆಗಲಿಲ್ಲ, ಒಡೆದು ಹೊಸದು ಕಟ್ಟಿದರು.

ಆದ್ದರಿಂದ ಕರೆಂಟು ಹೋದರೆ ಓಡಿಸಲು ಜನರೇಟರ್ ಸೈಟಿನಲ್ಲೇ ಇರಬೇಕು, ಒಂದು ಪಂಪ್ ಹೆಚ್ಚಿಗೆ ಇರಬೇಕು, ರಾತ್ರಿ ಒಬ್ಬರು ಎಚ್ಚರ ಇರಬೇಕು. ಎಲ್ಲವೂ ಕೈಕೊಟ್ಟು ಹೊರಗಿನ ಮಟ್ಟ ಏರುತ್ತಿದ್ದರೆ ಒಂದೇ ದಾರಿ: ಬೇಸ್‌ಮೆಂಟಿನೊಳಗೆ ನೀವೇ ನೀರು ಬಿಟ್ಟುಕೊಳ್ಳಿ. ವಿಚಿತ್ರ ಅನ್ನಿಸಬಹುದು. ಒಳಗಿನ ನೀರೇ ಆಗ ತೂಕ. ಒದ್ದೆಯಾದದ್ದನ್ನು ಒಣಗಿಸಬಹುದು, ಎದ್ದದ್ದನ್ನು ಕೂರಿಸಲು ಆಗುವುದಿಲ್ಲ. ಇದಕ್ಕಾಗಿಯೇ ರಾಫ್ಟಿನಲ್ಲಿ ಒಂದು ಪೈಪು ಬಿಟ್ಟಿರಬೇಕು. ರಾಫ್ಟಿನ ಕೆಳಗೆ ಜಲ್ಲಿಯ ಪದರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಪಿಸಿಸಿ (ಕಬ್ಬಿಣ ಇಲ್ಲದ ಕಾಂಕ್ರೀಟ್), ಆಮೇಲೆ ರಾಫ್ಟ್. ಜಲ್ಲಿಯಲ್ಲಿ ಸೇರಿದ ನೀರು ಆ ಪೈಪಿನ ಮೂಲಕ ಬರುತ್ತದೆ, ಅಲ್ಲಿಂದಲೇ ಪಂಪ್ ಮಾಡಬಹುದು. ಕಾಂಕ್ರೀಟ್ ಹಾಕುವಾಗ ತಳದಲ್ಲಿ ನೀರು ಹರಿಯುತ್ತಿದ್ದರೆ ಸಿಮೆಂಟು ತೊಳೆದುಹೋಗಿ ಬರೀ ಜಲ್ಲಿ ಉಳಿಯುತ್ತದೆ, ಆ ದಿನ ಪಂಪ್ ಒಂದು ನಿಮಿಷವೂ ನಿಲ್ಲಬಾರದು. ರಾಫ್ಟ್ ಮತ್ತು ಗೋಡೆ ಸೇರುವ ಜಾಗಕ್ಕೆ ವಾಟರ್‌ಸ್ಟಾಪ್ (ಸಂದಿಯಲ್ಲಿ ನೀರು ದಾಟದಂತೆ ತಡೆಯುವ) ಪಟ್ಟಿ ಕಡ್ಡಾಯ. ಹೊರಗಿನ ವಾಟರ್‌ಪ್ರೂಫಿಂಗ್ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ. ನಿಮ್ಮ ಸೈಟಿಗೆ 10 ಅಡಿ ಬೇಸ್‌ಮೆಂಟ್ ಬೇಡ. ಕಾರು ಇಳಿಯಲು 8 ಅಡಿಗೆ 1 ಅಡಿ ಇಳಿಜಾರು ಹಿಡಿದರೂ 9 ಅಡಿ ಕೆಳಗೆ ಹೋಗಲು 72 ಅಡಿ ಉದ್ದದ ರ‍್ಯಾಂಪ್ ಬೇಕು. ನಿಮ್ಮ ಸೈಟಿನ ಉದ್ದವೇ 60. ಅರ್ಧ ಬೇಸ್‌ಮೆಂಟ್ ಮಾಡಿ. ನೆಲ ರಸ್ತೆಗಿಂತ 4-5 ಅಡಿ ಕೆಳಗೆ ಸಾಕು. ಮೇಲಿನ ಅರ್ಧದಲ್ಲಿ ಕಿಟಕಿ ಇಟ್ಟರೆ ಗಾಳಿ ಬೆಳಕೂ ಬರುತ್ತದೆ. ಈಗ ತೆಗೆದ ಹೆಚ್ಚಿನ ಆಳವನ್ನು ಬೋಲ್ಡರ್ ಮತ್ತು ಮೊರಂನಿಂದ ಪದರ ಪದರವಾಗಿ ರೋಲರ್ ಹೊಡೆದು ತುಂಬಿಸಬಹುದು, ಎಂಜಿನಿಯರ್ ಎದುರಿಗೇ. ರಾಫ್ಟಿನ ತಳ 6 ಅಡಿಗೆ ಬಂದರೆ ಈಗ ನೀರಿನ ಒತ್ತಡ ಒಂದೇ ಅಡಿ, ಮಳೆಗಾಲದಲ್ಲಿ ನಾಲ್ಕು ಅಡಿ. ನೆಲಮಹಡಿ ಸ್ಲ್ಯಾಬ್ ಬಿದ್ದಾಗಲೇ ತೂಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಗೆದ ದುಡ್ಡು ಹೋಯಿತು ಅಂತ ಬೇಜಾರಾಗುತ್ತದೆ, ಗೊತ್ತು. ಆದರೂ ನನ್ನ ತಮ್ಮನ ಮನೆ ಆಗಿದ್ದರೆ ಇದನ್ನೇ ಹೇಳುತ್ತಿದ್ದೆ. ನಕ್ಷೆ ಬದಲಾದರೆ ಪಾಲಿಕೆಯ ಮಂಜೂರಾತಿಯನ್ನೂ ಬದಲಿಸಿಕೊಳ್ಳಬೇಕು.

ಎತ್ತಿದ ನೀರನ್ನು ಯುಜಿಡಿ ಮ್ಯಾನ್‌ಹೋಲಿಗೆ ಬಿಡಬೇಡಿ, ಕೆಳಗಿನ ಮನೆಗಳ ಶೌಚಾಲಯದಲ್ಲಿ ಉಕ್ಕುತ್ತದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದು ಅಂತ ಜಲಮಂಡಳಿ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಅದೇ ಊರಲ್ಲಿ ತಿಳಿ ನೀರು ಚರಂಡಿ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ ಮಾಡಿಸಿ, ಪಿಎಚ್ 6ಕ್ಕಿಂತ ಕಡಿಮೆ ಇಲ್ಲದೆ, ಉಪ್ಪಿನಂಶ ಮಿತಿಯಲ್ಲಿದ್ದರೆ ಕಾಂಕ್ರೀಟಿಗೂ ಕ್ಯೂರಿಂಗಿಗೂ ಬಳಸಿ. ಬೀದಿಯಲ್ಲಿ ಬೇರೆ ಮನೆ ಕಟ್ಟುತ್ತಿದ್ದರೆ ಅವರಿಗೂ ಕೊಡಿ. ಉಳಿದದ್ದನ್ನು ಪಾಲಿಕೆಯನ್ನು ಕೇಳಿ ಮಳೆನೀರು ಚರಂಡಿಗೆ ಬಿಡಿ. ಸೈಟಿನ ಮೂಲೆಯಲ್ಲೇ ಇಂಗುಬಾವಿ ತೋಡಿ ಅದಕ್ಕೆ ಬಿಟ್ಟರೆ ಈಗ ಪ್ರಯೋಜನ ಇಲ್ಲ, ಅದೇ ನೀರು ಸುತ್ತಿ ಗುಂಡಿಗೆ ಬರುತ್ತದೆ.

ಕೊನೆಗೆ ಪಂಪ್ ನಿಲ್ಲಿಸುವ ದಿನ. ತೂಕದ ಲೆಕ್ಕವನ್ನು ಎಂಜಿನಿಯರ್ ಸಹಿ ಹಾಕಿ ಕೊಟ್ಟ ಮೇಲೆ, ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಬೇಡಿ. ದಿನಕ್ಕೊಂದು ಬಾವಿಯ ಪಂಪ್ ನಿಲ್ಲಿಸಿ. ರಾಫ್ಟಿನ ಪೈಪಿನಲ್ಲಿ ನೀರು ಎಲ್ಲಿಯವರೆಗೆ ಏರಿತು ಅಂತ ಬರೆಯಿರಿ, ಪಕ್ಕದವರ ಗೋಡೆಯ ಗಾಜಿನ ಪಟ್ಟಿ ನೋಡಿ, ಮೂಲೆಗಳಲ್ಲಿ ತೇವ ಕಂಡರೆ ಗುರುತು ಹಾಕಿ. ಮಟ್ಟ ಏರಿ ನಿಂತು, ಒಂದು ವಾರ ಏನೂ ಬದಲಾಗದಿದ್ದರೆ, ಪೈಪಿನೊಳಗೆ ಕುಗ್ಗದ ಗ್ರೌಟ್ ತುಂಬಿ ಮೇಲೆ ಸ್ಟೀಲ್ ಮುಚ್ಚಳ ಬಿಗಿಸಿ. ಹೊರಗಿನ ಬಾವಿಗಳಲ್ಲಿ ಒಂದನ್ನು ಮುಚ್ಚದೆ ಹಾಗೇ ಬಿಡಿ. ಪ್ರತಿ ಮಳೆಗಾಲದಲ್ಲಿ ಟೇಪು ಇಳಿಸಿ ನೋಡಿದರೆ ನೀರು ಎಲ್ಲಿದೆ ಅಂತ ಗೊತ್ತಾಗುತ್ತದೆ, ಬೇಕಾದಾಗ ಪಂಪನ್ನೂ ಇಳಿಸಬಹುದು.